ಮೇಷ್ಟ್ರ ಜೀಪಿಗೆ ಎರಡನೇ ಬ್ಯಾಟರಿ

ಕಳೆದ ಸಲ ಗುಡ್ಡದ ಮೇಲೆ ಡೇರೆ ಹಾಕಿದ್ದಾಗ ಗಣಿತದ ಮೇಷ್ಟ್ರ ಭಾರಿ ಜೀಪು ಬೆಳಿಗ್ಗೆ ಸ್ಟಾರ್ಟ್ ಆಗಲಿಲ್ಲ. ಒಳಗಿದ್ದ ಫ್ರಿಜ್ಜು ಬ್ಯಾಟರಿಯನ್ನೆಲ್ಲ ಹೀರಿಬಿಟ್ಟಿತ್ತು. ಷಡ್ಡಕನ ಪುಟ್ಟ ಕಾರು ಹಗ್ಗ ಕಟ್ಟಿ ಎಳೆಯಿತು. ಆ ಹಗ್ಗದ ಕಥೆಯನ್ನು ಷಡ್ಡಕ ನೆಂಟರು ಸೇರಿದಲ್ಲೆಲ್ಲ ಹೇಳುತ್ತಿದ್ದ.

ಇನ್ನೊಮ್ಮೆ ಮಾನ ಹೋಗಬಾರದೆಂದು ಮೇಷ್ಟ್ರು ಹತ್ತು ವಿಡಿಯೋ ನೋಡಿ ತಾವೇ ಎರಡನೇ ಬ್ಯಾಟರಿ ಕೂರಿಸಿದರು. ಹಳೆಯದು ಇಂಜಿನ್ನಿಗೆ, ಹೊಸದು ಫ್ರಿಜ್ಜಿಗೆ.

"ಒಂದು ಸತ್ರೂ ಇನ್ನೊಂದು ಬದುಕಿರುತ್ತೆ ಕಣೇ," ಎಂದು ಹೆಂಡತಿಗೆ ಪಾಠವನ್ನೂ ಮಾಡಿದರು.

ಷಡ್ಡಕನ ಜೊತೆ ಮತ್ತೆ ಗುಡ್ಡಕ್ಕೆ ಹೊರಡುವುದಿತ್ತು; ನೀರು, ಹಣ್ಣು ತಣ್ಣಗಿರಲೆಂದು ಹಿಂದಿನ ದಿನವೇ ಫ್ರಿಜ್ಜು ಆನ್ ಮಾಡಿಟ್ಟರು. ಹೊರಡುವ ಬೆಳಿಗ್ಗೆ ಕೀಲಿ ತಿರುಗಿಸಿದರೆ ಜೀಪು ಟಿಕ್ಕೆಂದು ಸುಮ್ಮನಾಯಿತು. ಷಡ್ಡಕ ಬರಲು ಹತ್ತೇ ನಿಮಿಷವಿತ್ತು.

ಬಾನೆಟ್ ಎತ್ತಿ ತಂತಿಯ ಜಾಡು ಹಿಡಿದ ಮೇಷ್ಟ್ರು ಇಂಗು ತಿಂದ ಮಂಗನಂತಾದರು. ಫ್ರಿಜ್ಜಿನ ತಂತಿಯನ್ನು ಅವರೇ ಹಳೇ ಬ್ಯಾಟರಿಗೆ ಬಿಗಿದಿದ್ದರು. ಹೊಸದು ಮಾವನ ಮನೆಗೆ ಬಂದ ಅಳಿಯನ ಹಾಗೆ ಆರಾಮಾಗಿ ಕೂತಿತ್ತು.

"ಬದುಕಿರೋದ್ರಿಂದ ಸತ್ತಿದ್ದಕ್ಕೆ ಸ್ವಲ್ಪ ಕೊಡಿಸ್ರೀ," ಎಂದು ಹೆಂಡತಿ ಜಂಪರ್ ಕೇಬಲ್ ಚಾಚಿದಳು.

ಜೀಪು ಗುಡುಗುವುದಕ್ಕೂ ಷಡ್ಡಕ ಹಗ್ಗದ ಸಮೇತ ಬರುವುದಕ್ಕೂ ಸರಿಹೋಯಿತು.

"ಹೇಗಿದೆ ಮೇಷ್ಟ್ರೇ, ಹೊಸ ವ್ಯವಸ್ಥೆ?"

"ಇವರು ಹೇಳಿದ ಹಾಗೇ ಇದೆ ಭಾವ," ಎಂದಳು ಹೆಂಡತಿ. "ಒಂದು ಸತ್ತಿತ್ತು, ಇನ್ನೊಂದು ಬದುಕಿತ್ತು."

ಷಡ್ಡಕ ನಗುತ್ತ ಹಗ್ಗವನ್ನು ತನ್ನ ಕಾರಿನೊಳಕ್ಕೆ ಎಸೆಯಹೊರಟ. ಮೇಷ್ಟ್ರು ಅದನ್ನು ಇಸಿದುಕೊಂಡು ತಮ್ಮ ಸೀಟಿನಡಿ ತುರುಕಿದರು.

"ಇಲ್ಲೇ ಇರಲಿ ಬಿಡಪ್ಪ. ವೈರಿಂಗ್ ಮಾಡಿದ್ದು ನಾನೇ ಅಲ್ವಾ."