ಚೇಳೂರಿನ ಅವರೆಕಾಯಿ ಚೀಲ

ಕುಣಿಗಲ್‌ನ ಗುರುಪ್ರಕಾಶನ ಮನೆಯಲ್ಲಿ ದೀಪಾವಳಿ ಊಟ ನಡೆಯುತ್ತಿತ್ತು. ಅಡಿಗೆಯವರನ್ನು ಕರೆಸಿ ಮಾಡಿಸಿದ ಹೋಳಿಗೆ, ಮೇಲೆ ಧಾರಾಳವಾಗಿ ತುಪ್ಪ. ಪುಟ್ಟರಂಗಯ್ಯ ಮೂರನೆಯ ಹೋಳಿಗೆಗೆ ಕೈ ಹಾಕಿದ್ದ. ಪಕ್ಕದ ಎಲೆಯ ಮಹಾಲಿಂಗಯ್ಯ ಆಗಲೇ ಬಾಯಿ ಬಿಟ್ಟದ್ದು.

“ಅಲ್ಲ ಪುಟ್ರಂಗ, ಮೂರು ವರ್ಷದಿಂದ ನಮ್ಮನೇಲಿ ಉಂಡಿದೀಯ, ಇವನ ಮನೇಲಿ ಉಂಡಿದೀಯ. ನಿಮ್ಮನೆಗೆ ಬಾಗ್ಲು ಅಂತ ಒಂದು ಇದ್ಯೇನಪ್ಪ?”

ಎಲ್ಲರೂ ನಕ್ಕರು. ಪುಟ್ಟರಂಗಯ್ಯನ ಬಾಯಲ್ಲಿ ಹೋಳಿಗೆ ಇತ್ತು, ನುಂಗಲೂ ಆಗಲಿಲ್ಲ, ಉಗಿಯಲೂ ಆಗಲಿಲ್ಲ. ಹೇಗೋ ಒಳಗೆ ತಳ್ಳಿ, ನೀರು ಕುಡಿದು, “ಇದೆ. ಸಂಕ್ರಾಂತಿ ದಿನ ಎಲ್ಲರೂ ಬನ್ನಿ, ತೋರಿಸ್ತೀನಿ” ಅಂದ. ಹೆಂಗಸರ ಸಾಲಿನಲ್ಲಿ ಕೂತಿದ್ದ ಅವನ ಹೆಂಡತಿ ಗಂಗಲಕ್ಷ್ಮಮ್ಮ ಅಲ್ಲಿಂದಲೇ ಅವನ ಕಡೆ ನೋಡಿದಳು. ಆ ನೋಟದ ಅರ್ಥ ಅವನಿಗೆ ಗೊತ್ತಿತ್ತು.

ತುಮಕೂರಿನ ಬಸ್ಸು ಹತ್ತಿದ ಮೇಲೆ ಅವಳು ಕೇಳಿದಳು. “ಎಷ್ಟು ಜನ?”

“ಹತ್ತು.”

“ಎಲ್ಲಿ ಕೂರಿಸ್ತೀರಿ, ನನ್ನ ತಲೆ ಮೇಲಾ?”

ಅವನು ಕಿಟಕಿಯ ಕಡೆ ತಿರುಗಿದ. ತುಮಕೂರಿನ ಸತ್ಯಮಂಗಲದಲ್ಲಿ ಪಂಪಿನ ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆಯೊಂದರಲ್ಲಿ ಅವನಿಗೆ ಲೇತ್ ಮಿಷನ್ ಕೆಲಸ. ಮಹಾಲಿಂಗಯ್ಯ ಅಲ್ಲೇ ಸ್ಟೋರು ನೋಡಿಕೊಳ್ಳುತ್ತಿದ್ದ, ಗುರುಪ್ರಕಾಶ ಎಲೆಕ್ಟ್ರಿಕ್ ಕೆಲಸದವನು. ಇವರ ಜೊತೆ ಇನ್ನೂ ಕೆಲವರು ಸೇರಿ ವರ್ಷಕ್ಕೆ ಎರಡು ಮೂರು ಹಬ್ಬ ಒಟ್ಟಿಗೆ ಉಣ್ಣುವುದು ರೂಢಿಯಾಗಿತ್ತು. ಉಣ್ಣುವಾಗೆಲ್ಲ ಪುಟ್ಟರಂಗಯ್ಯ ಇರುತ್ತಿದ್ದ, ಉಣಿಸುವ ಸರದಿಯಲ್ಲಿ ಮಾತ್ರ ಇಲ್ಲ. ಬಾಡಿಗೆಯದು ಒಂದು ರೂಮು, ಒಂದು ಅಡಿಗೆಮನೆ, ಮೇಲೆ ಶೀಟು. ಆ ಮನೆಗೆ ಯಾರನ್ನಾದರೂ ಕರೆಯಲು ಅವನಿಗೆ ನಾಚಿಕೆ. ನಾಚಿಕೆ ಅಂತ ಒಪ್ಪಿಕೊಳ್ಳುವ ಜಾತಿಯಲ್ಲ ಅವನು, ಅದಕ್ಕೇ ಆ ಮಾತು ಬಂದಾಗೆಲ್ಲ ರೇಗುತ್ತಿದ್ದ. ಈಗ ಆಡಿಬಿಟ್ಟಾಗಿತ್ತು. ಸಂಕ್ರಾಂತಿಗೆ ಹತ್ತು ಜನಕ್ಕೆ ಹೊಟ್ಟೆ ತುಂಬ ಇಕ್ಕದಿದ್ದರೆ, ಇವನು ಬರೀ ತಿನ್ನೋಕೆ ಬರುವವನು ಅನ್ನುವ ಮಾತು ಕಾರ್ಖಾನೆಯಲ್ಲಿ ನಿಂತುಹೋಗುತ್ತಿತ್ತು.

ಕೈಯಲ್ಲಿ ಕಾಸಿರಲಿಲ್ಲ. ಇದ್ದದ್ದೆಲ್ಲ ಮಗಳ ಬಾಣಂತನಕ್ಕೆ ಹೋಗಿತ್ತು. ಬಾಡೂಟದ ಯೋಚನೆಯೇ ಬೇಕಿರಲಿಲ್ಲ, ಮಹಾಲಿಂಗಯ್ಯ ಲಿಂಗ ಕಟ್ಟಿದವನು, ಮಾಂಸದ ವಾಸನೆಗೂ ಆಗದವನು. “ದೇವರು ದೊಡ್ಡವನು ಕಣೆ” ಅಂದ ಪುಟ್ಟರಂಗಯ್ಯ. “ಮಾಲಿಂಗಣ್ಣ ಒಬ್ಬ ಇಲ್ಲದಿದ್ರೆ ಕುರಿ ಕಡೀಬೇಕಿತ್ತು.”

ಹಬ್ಬ ಹತ್ತಿರ ಬಂದಾಗ ಗಂಗಲಕ್ಷ್ಮಮ್ಮನೇ ದಾರಿ ಹೇಳಿದಳು. ಹಿತುಕಿದ ಬೇಳೆ ಸಾರು, ಮುದ್ದೆ, ಅನ್ನ, ಒಂದಿಷ್ಟು ಸಿಹಿ ಪೊಂಗಲ್. ಅವರೆಕಾಯಿ ಸುಗ್ಗಿ. ಚೇಳೂರಿನ ಅವಳ ತಮ್ಮ ಲಕ್ಷ್ಮೀಕಾಂತನ ಹೊಲದ ಬದುವಿನಲ್ಲಿ ಅವರೆ ಹರಡಿಕೊಂಡು ಬಿದ್ದಿತ್ತು. ಹಿತುಕಿದ ಬೇಳೆ ಸಾರು ಅಂದರೆ ಬೀಗರಿಗೆ ಇಕ್ಕಿದರೂ ಮರ್ಯಾದೆ ಹೋಗುವ ಅಡಿಗೆಯಲ್ಲ. ಖರ್ಚು ಕಡಿಮೆ, ಕೈಕೆಲಸ ಮಾತ್ರ ಜಾಸ್ತಿ. ಕಾಯಿ ಸುಲಿಯಬೇಕು, ಕಾಳನ್ನು ರಾತ್ರಿಯೆಲ್ಲ ನೀರಲ್ಲಿ ನೆನೆಸಬೇಕು, ಬೆಳಗ್ಗೆ ಒಂದೊಂದೇ ಕಾಳನ್ನು ಬೆರಳಲ್ಲಿ ಹಿಚುಕಿ ಸಿಪ್ಪೆ ಬಿಡಿಸಬೇಕು. ಎರಡು ದಿನ ಮೊದಲೇ ಕಾಯಿ ಬಂದರೆ ಗಂಡ ಹೆಂಡತಿ ಇಬ್ಬರೇ ಮುಗಿಸಬಹುದು ಅನ್ನುವುದು ಅವಳ ಲೆಕ್ಕ.

ಲಕ್ಷ್ಮೀಕಾಂತನಿಗೆ ಫೋನು ಮಾಡಿದ್ದೂ ಆಯಿತು. ಅವನು ಒಳ್ಳೆಯವನೇ, ಆದರೆ ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಾಗದವನು.

“ಭಾವ, ಅರ್ಧ ಚೀಲ ಅವರೆಕಾಯಿ ಬಸ್ಸಿಗೆ ಹಾಕ್ತೀನಿ. ತೆಂಗಿನಕಾಯಿ ಹಾಕ್ತೀನಿ, ಬೆಲ್ಲ ಹಾಕ್ತೀನಿ. ಹಂಗೇ ಖರ್ಚಿಗೂ ಏನಾದ್ರೂ...”

“ಏನಂದೆ?”

“ಅಲ್ಲ ಭಾವ, ಕೈ ಬಿಗಿ ಇರ್ತದಲ್ಲ ಅಂತ...”

“ನಾನೇನು ನಿನ್ನ ಹತ್ರ ಭಿಕ್ಷೆ ಕೇಳಿದ್ನೇನ್ಲಾ? ನಿನ್ನ ಅವರೆಕಾಯಿನೂ ಬೇಡ, ನಿನ್ನ ಬೆಲ್ಲನೂ ಬೇಡ. ಮಡಗು ಫೋನು.”

ಮಡಗಿದ್ದು ಇವನೇ. ಗಂಗಲಕ್ಷ್ಮಮ್ಮ ಒಲೆ ಮುಂದೆ ನಿಂತು ಎಲ್ಲ ಕೇಳಿಸಿಕೊಂಡಳು. ಆವತ್ತು ಸಾರಿಗೆ ಉಪ್ಪು ಹಾಕಿರಲಿಲ್ಲ. ಪುಟ್ಟರಂಗಯ್ಯ ಹಾಗೇ ಉಂಡ.

ಹಬ್ಬದ ಹಿಂದಿನ ದಿನ ಅವನೇ ಮಾರ್ಕೆಟ್ಟಿಗೆ ಹೋದ. ಕಬ್ಬು, ಗೆಣಸು, ಕಡಲೆಕಾಯಿ ಎಲ್ಲ ರಸ್ತೆವರೆಗೂ ಹರಡಿಕೊಂಡಿದ್ದವು. ಅವರೆಕಾಯಿ ರೇಟು ಒಂದಕ್ಕೆರಡಾಗಿತ್ತು. ಮಾರುವವಳ ಜೊತೆ ಜಗಳ ಆಡಿದ. ಅವಳು ಇವನಿಗಿಂತ ಗಟ್ಟಿ. “ನಿಮ್ಮಂಥೋರು ಬೆಳಗ್ಗಿಂದ ನಲವತ್ತು ಜನ ಬಂದವ್ರೆ, ತಗೊಂಡ್ರೆ ತಗೊಳ್ಳಿ, ಇಲ್ದಿದ್ರೆ ದಾರಿ ಬುಡಿ” ಅಂದಳು. ಎರಡು ಕೇಜಿ ತಗೊಂಡು ಮನೆಗೆ ಬಂದ.

ಗಂಗಲಕ್ಷ್ಮಮ್ಮ ಕವರು ಬಿಚ್ಚಿ ನೋಡಿದಳು. “ಇದು ಹತ್ತು ಜನಕ್ಕಾ, ಹತ್ತು ಗುಬ್ಬಚ್ಚಿಗಾ?”

ಅವನು ಹೊರಗೆ ಹೋದ. ಮಿಷನ್ನಿಗೆ ಬಳಿದು ಉಳಿದಿದ್ದ ಹಸಿರು ಬಣ್ಣವನ್ನು ಓನರನ್ನು ಕೇಳಿ ತಂದಿಟ್ಟಿದ್ದ. ಬಾಗಿಲು ಇದ್ಯೇನಪ್ಪ ಅಂದಿದ್ದನಲ್ಲ ಮಹಾಲಿಂಗಯ್ಯ. ಹೊತ್ತು ಮುಳುಗುವ ತನಕ ಕೂತು ಬಾಗಿಲಿಗೆ ಎರಡು ಕೋಟು ಬಳಿದ. ಸಿಟ್ಟಿನಲ್ಲಿ ಬಳಿದದ್ದಕ್ಕೆ ದಪ್ಪವಾಗಿಯೇ ಕೂತಿತು. ಒಳಗೆ ಹೆಂಡತಿ ಫೋನಿನಲ್ಲಿ ಯಾರ ಜೊತೆಯೋ ಮೆಲ್ಲಗೆ ಮಾತಾಡುತ್ತಿದ್ದದ್ದು ಅವನ ಕಿವಿಗೆ ಬೀಳಲಿಲ್ಲ.

ಹಬ್ಬದ ಬೆಳಗ್ಗೆ ಏಳು ಗಂಟೆಗೆ ಅವಳು ಕಾಫಿ ಲೋಟ ಕೈಗೆ ಕೊಟ್ಟು, “ಬಸ್‌ಸ್ಟ್ಯಾಂಡಿಗೆ ಹೋಗಿ ಬನ್ನಿ. ಚೇಳೂರು ಬಸ್ಸಲ್ಲಿ ಚೀಲ ಬರ್ತಿದೆ” ಅಂದಳು.

“ಯಾರು ಕಳಿಸಿದ್ದು?”

“ನನ್ನ ತಮ್ಮ. ನಿಮಗಲ್ಲ, ನನಗೆ.”

ಹೋದ. ಕಂಡಕ್ಟರು ಅರ್ಧ ಚೀಲ ಅವರೆಕಾಯಿ, ಒಂದು ಗಂಟು ತೆಂಗಿನಕಾಯಿ ಇಳಿಸಿಕೊಟ್ಟ. ಮನೆಗೆ ಬಂದು, ನಿನ್ನೆಯ ಎರಡು ಕೇಜಿಯ ಮೇಲೇ ಚೀಲ ಸುರಿದಾಗ ಕಾಯಿ ಮಧ್ಯೆ ಬೆಲ್ಲದ ಅಚ್ಚು ಸಿಕ್ಕಿತು. ದುಡ್ಡು ಇದೆಯೇನೋ ಅಂತಲೂ ಕೈಯಾಡಿಸಿ ನೋಡಿದ. ಇರಲಿಲ್ಲ. ಇದ್ದಿದ್ದರೆ ಅದೇ ಬಸ್ಸಿಗೆ ವಾಪಸ್ ಹಾಕುತ್ತಿದ್ದ.

ಕಾಯಿ ಚೆನ್ನಾಗಿತ್ತು, ಎಣ್ಣೆ ಇಟ್ಟ ಹಾಗೆ ಬೆರಳಿಗೆ ಸೊಗಡು ಅಂಟುತ್ತಿತ್ತು. ಆದರೆ ರಾತ್ರಿ ನೆನೆಯಬೇಕಿದ್ದ ಕಾಳು ಇನ್ನೂ ಕಾಯೊಳಗೇ ಕೂತಿತ್ತು. ಸುಲಿಯುತ್ತ ಹೋದಂತೆ ಗಂಗಲಕ್ಷ್ಮಮ್ಮ ಬಿಸಿನೀರಿಗೆ ಹಾಕುತ್ತ ಹೋದಳು, ಬಿಸಿನೀರಾದರೆ ಎರಡು ಗಂಟೆಗೆ ಸಿಪ್ಪೆ ಬಿಡುತ್ತದೆ ಅಂತ. ಎದುರು ಮನೆಯ ಮುದುಕಿ ಕದರಮ್ಮ ಜಗಲಿ ಮೇಲೆ ಕೂತು ನೋಡುತ್ತಿದ್ದವಳು, “ಯಾವ ಹಬ್ಬಕ್ಕೆ ಊಟ ಕಣೋ, ಈ ಸಂಕ್ರಾಂತಿಗಾ, ಯುಗಾದಿಗಾ?” ಅಂದಳು. ಅವಳಿಗೆ ಎದುರು ಮಾತಾಡುವ ಧೈರ್ಯ ಪುಟ್ಟರಂಗಯ್ಯನಿಗೂ ಇರಲಿಲ್ಲ.

ಹತ್ತೂವರೆಗೆ ಗಲ್ಲಿಯ ತುದಿಯಲ್ಲಿ ಜನ ಕಂಡರು. ಮುಂದೆ ಬಿಳಿ ಪಂಚೆ, ಬಿಳಿ ಶರ್ಟಿನ ಮಹಾಲಿಂಗಯ್ಯ, ಹಿಂದೆ ಅವನ ಹೆಂಡತಿ ದಾಕ್ಷಾಯಣಿ, ಕೈಯಲ್ಲಿ ಎಳ್ಳುಬೆಲ್ಲದ ಡಬ್ಬಿ. ಗುರುಪ್ರಕಾಶ, ಅವನ ಹೆಂಡತಿ ಕಾವ್ಯ, ಅವರ ಹಿಂದೆ ಕಾರ್ಖಾನೆಯ ಉಳಿದ ಆರು ಜನ. ಎಲ್ಲರದೂ ಹೊಸ ಬಟ್ಟೆ. ಒಲೆಯ ಮೇಲೆ ಬಿಸಿನೀರು ಬಿಟ್ಟರೆ ಏನೂ ಇರಲಿಲ್ಲ.

ಪುಟ್ಟರಂಗಯ್ಯ ಬಾಗಿಲಲ್ಲಿ ಅಡ್ಡ ನಿಂತ. ಏನು ಹೇಳಬೇಕು ಅಂತ ಯೋಚಿಸಿರಲಿಲ್ಲ, ಯೋಚಿಸುವ ಹೊತ್ತಿಗೆ ಬಾಯಿ ಬಿಟ್ಟಾಗಿತ್ತು.

“ಊಟ ಆಗಿಲ್ಲ. ಕಾಳೇ ನೆಂದಿಲ್ಲ. ಮೂರು ಗಂಟೆ ಆಗ್ತದೆ. ಕಾಯೋರು ಕಾಯಿರಿ, ಹೋಗೋರು ಹೋಗಿ.”

ಯಾರೂ ಅಲುಗಲಿಲ್ಲ. ಗುರುಪ್ರಕಾಶ ಮಾತ್ರ, “ಆಯ್ತು ಬಿಡಣ್ಣ” ಅಂತ ಆರಾಮಾಗಿ ಬಾಗಿಲಿಗೆ ಕೈಯೂರಿದ.

“ಕಣ್ಣು ಕಾಣಲ್ವೇನ್ಲಾ? ಹಸಿ ಬಣ್ಣ!”

ಗುರುಪ್ರಕಾಶ ಕೈ ಎತ್ತಿದ. ಅಂಗೈ ಪೂರ್ತಿ ಲೇತ್ ಮಿಷನ್ನಿನ ಹಸಿರು. ಅವನು ಗಾಬರಿಯಲ್ಲಿ ಹಿಂದೆ ಸರಿದು ಮಹಾಲಿಂಗಯ್ಯನ ಹೆಗಲು ಹಿಡಿದ. ಬಿಳಿ ಶರ್ಟಿನ ಮೇಲೆ ಐದು ಬೆರಳೂ ಮೂಡಿದವು.

ಮಹಾಲಿಂಗಯ್ಯ ಕತ್ತು ತಿರುಗಿಸಿ ಹೆಗಲು ನೋಡಿಕೊಂಡ, ಬಾಗಿಲು ನೋಡಿದ, ಆಮೇಲೆ ಪುಟ್ಟರಂಗಯ್ಯನ ಮುಖ ನೋಡಿದ.

“ಬಾಗ್ಲು ಇದೆ ಅಂತ ಒಪ್ಕೊಂಡೆ ಕಣಪ್ಪ. ಇಷ್ಟು ಗಟ್ಟಿಯಾಗಿ ಹೇಳ್ಬೇಕಿರ್ಲಿಲ್ಲ.”

ಮೊದಲು ನಕ್ಕವಳು ಕದರಮ್ಮ. ಆಮೇಲೆ ಯಾರು ಯಾರು ಅಂತ ಲೆಕ್ಕ ಸಿಗಲಿಲ್ಲ. ದಾಕ್ಷಾಯಣಿ ಮೈ ಕುಗ್ಗಿಸಿ, ಬಾಗಿಲಿಗೆ ಸೀರೆ ತಾಗದ ಹಾಗೆ ಒಳಗೆ ನುಸುಳಿದಳು. ರಾಶಿ ಕಾಯಿ, ಮುಖ ತಗ್ಗಿಸಿ ನಿಂತ ಗಂಗಲಕ್ಷ್ಮಮ್ಮ, ಎರಡನ್ನೂ ನೋಡಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. “ಇನ್ನೊಂದು ಮೊರ ಇದ್ರೆ ಕೊಡಿ ಗಂಗಮ್ಮ. ಇಲ್ಲಿ ಇಕ್ಕಟ್ಟು, ಹೊರಗೆ ಹಾಕೋಣ.”

“ಬೇಡ ಅಕ್ಕ, ನೀವು ಬಂದೋರು...”

“ಬಂದೋರಿಗೆ ಕೈ ಇರಲ್ವಾ?”

ಕದರಮ್ಮನ ಜಗಲಿ ಮೇಲೆ ಹೆಂಗಸರು, ಈ ಕಡೆ ಗಲ್ಲಿಯಲ್ಲಿ ಹಾಸಿದ ಚಾಪೆ ಮೇಲೆ ಗಂಡಸರು. ಬೇಯಿಸಿದ ಗೆಣಸು, ಕಡಲೆಕಾಯಿ, ಎಳ್ಳುಬೆಲ್ಲ ಮಧ್ಯೆ ಇಟ್ಟುಕೊಂಡರು. ಒಂದು ಕಡೆ ಸುಲಿಯುವುದು, ಇನ್ನೊಂದು ಕಡೆ ಬಿಸಿನೀರಲ್ಲಿ ನೆನೆದ ಕಾಳು ಹಿತುಕುವುದು. ಗುರುಪ್ರಕಾಶ ಸೀಮೆಎಣ್ಣೆಯಲ್ಲಿ ಕೈ ಒರೆಸಿಕೊಂಡು ಬಂದು ಬೇಳೆಗೆ ಕೈ ಹಾಕಹೋದ. ಕದರಮ್ಮ ಕೈ ಮೇಲೆ ಹೊಡೆದಳು. “ಸೀಮೆಎಣ್ಣೆ ಸಾರು ಮಾಡ್ತೀಯೇನೋ? ಸೋಪು ಹಾಕಿ ತೊಳಿ ಹೋಗು.” ಮೂರು ಸಲ ತೊಳೆಸಿದಳು. ಆಮೇಲೂ ಮೂಸಿ ನೋಡಿ, ಸುಲಿಯುವ ಕೆಲಸಕ್ಕೆ ಮಾತ್ರ ಹಚ್ಚಿದಳು.

ಹಿತುಕಲು ಕೂತ ಮಹಾಲಿಂಗಯ್ಯನ ಕಾಳು ಪಾತ್ರೆಗೆ ಬೀಳುವ ಬದಲು ಹಾರಿಹೋಗಿ ಕಾವ್ಯಳ ಕೆನ್ನೆಗೆ ಬಡಿಯಿತು. “ಮೂವತ್ತು ವರ್ಷ ಸಂಸಾರ ಮಾಡಿದೀನಿ, ಇವರು ಒಂದು ಕಾಳು ಹಿತುಕಿದ್ದು ಕಂಡಿಲ್ಲ” ಅಂದಳು ದಾಕ್ಷಾಯಣಿ. “ಇವತ್ತು ಕಂಡ್ಯಲ್ಲ, ಪುಟ್ರಂಗನ ಪುಣ್ಯ” ಅಂದ ಮಹಾಲಿಂಗಯ್ಯ.

ಪುಟ್ಟರಂಗಯ್ಯ ತಲೆ ಎತ್ತಲಿಲ್ಲ. ಬಂದವರ ಕೈಲಿ ಕೆಲಸ ಮಾಡಿಸಿದ ಮನೆ ಅಂತ ಹೆಸರು ಬಂತಲ್ಲ ಅಂತ ಒಳಗೇ ಕುದಿಯುತ್ತಿದ್ದ. ಕಾಳಿನ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದದ್ದಕ್ಕೆ ಅವನ ಬೇಳೆ ಎಲ್ಲರಿಗಿಂತ ಬೇಗ ಗುಡ್ಡೆಯಾಯಿತು.

ಮಹಾಲಿಂಗಯ್ಯ ಹತ್ತಿರಕ್ಕೆ ಸರಿದು ದನಿ ತಗ್ಗಿಸಿದ. “ಕುಣಿಗಲ್‌ನಲ್ಲಿ ನಾನು ಆಡಿದ ಮಾತು ಚುಚ್ತು ಅಲ್ವಾ?”

“ಚುಚ್ಚದೆ ಇರ್ತದಾ? ಎಲೆ ಮುಂದೆ ಕೂರಿಸ್ಕೊಂಡು ಅನ್ನೋ ಮಾತಾ ಅದು?”

“ಚುಚ್ಚಲಿ ಅಂತಲೇ ಅಂದಿದ್ದು. ಮೂರು ವರ್ಷ ಕಾದೆ. ಹಂಗೆ ಅನ್ನದಿದ್ರೆ ನೀನು ಕರೀತಿದ್ಯಾ?”

ಪುಟ್ಟರಂಗಯ್ಯ ಇನ್ನೊಂದು ಹಿಡಿ ಕಾಳು ಎಳೆದುಕೊಂಡ. “ಮನೆ ಇಷ್ಟೇ ಮಾಲಿಂಗಣ್ಣ. ನೋಡಿದೆಯಲ್ಲ.”

“ನೋಡಿದೆ. ನಾನೇನು ಮನೆ ತಿನ್ನೋಕೆ ಬಂದಿದೀನಾ? ಹಿತುಕು, ಹಸಿವಾಗ್ತಿದೆ.”

ಮೂರು ಗಂಟೆ ಅಂದಿದ್ದ, ಮೂರೂವರೆ ಆಯಿತು. ಗಂಗಲಕ್ಷ್ಮಮ್ಮನೂ ದಾಕ್ಷಾಯಣಿಯೂ ಸೇರಿ ತೆಂಗಿನಕಾಯಿ, ಶುಂಠಿ, ಬೆಳ್ಳುಳ್ಳಿ, ಚಕ್ಕೆ, ಲವಂಗ ರುಬ್ಬಿ ಕುದಿಸಿದ ಸಾರಿನ ಘಮ ಗಲ್ಲಿಯ ಆ ತುದಿಗೆ ಹೋಗಿತ್ತು. ಪುಟ್ಟರಂಗಯ್ಯನೇ ಮುದ್ದೆ ತೊಳಸಿದ, ಲೇತ್ ಹಿಡಿಯುವ ತೋಳು, ಒಂದು ಗಂಟೂ ಇರಲಿಲ್ಲ. ಎಲೆಗಳನ್ನು ಗಲ್ಲಿಯಲ್ಲೇ ಹಾಕಿದರು. ಹತ್ತು ಎಲೆ ಅಂದುಕೊಂಡದ್ದು ಕದರಮ್ಮನ ಮನೆಯವರು, ಘಮಕ್ಕೆ ಹೊರಗೆ ಬಂದು ನಿಂತವರು ಎಲ್ಲ ಸೇರಿ ಹದಿನಾರಾಯಿತು. ಬೆಳಗ್ಗಿಂದ ದುಡಿದ ಹಸಿವು. ಗಲ್ಲಿ ತುಂಬ ಸೊರಸೊರ ಸಾರು ಹೀರುವ ಸದ್ದು. ಮಹಾಲಿಂಗಯ್ಯ ಮೂರನೆಯ ಮುದ್ದೆ ಕೇಳಿದಾಗ ಪುಟ್ಟರಂಗಯ್ಯನಿಗೆ ಕುಣಿಗಲ್‌ನ ಆ ಮಾತಿಗೆ ತಕ್ಕ ಮಾತೊಂದು ನಾಲಿಗೆ ತುದಿಗೆ ಬಂತು. ನುಂಗಿಕೊಂಡು ಮುದ್ದೆ ಇಕ್ಕಿದ, ಮೇಲೆ ಎರಡು ಸೌಟು ಸಾರೂ ಹಾಕಿದ.

ಹೊರಡುವಾಗ ದಾಕ್ಷಾಯಣಿ ಸಿಪ್ಪೆಯನ್ನೆಲ್ಲ ಅದೇ ಚೀಲಕ್ಕೆ ತುಂಬಿಸಿಕೊಂಡಳು. ಅವರ ಮನೆಯಲ್ಲಿ ಹಸು ಇತ್ತು. “ಬರೋ ವರ್ಷನೂ ಇಲ್ಲೇ ಗಂಗಮ್ಮ. ಸಿಪ್ಪೆ ಇನ್ಯಾರಿಗೂ ಕೊಡ್ಬೇಡಿ” ಅಂದಳು. ಮಹಾಲಿಂಗಯ್ಯ ಚೀಲ ಹೆಗಲಿಗೇರಿಸಿದ. ಇನ್ನೊಂದು ಹೆಗಲ ಮೇಲೆ ಐದು ಹಸಿರು ಬೆರಳು ಹಾಗೇ ಇದ್ದವು.

ಅವರು ಗಲ್ಲಿ ದಾಟುವ ತನಕ ಬಾಗಿಲಿಗೆ ಕೈಯೂರಿ ನೋಡಿ, ಪುಟ್ಟರಂಗಯ್ಯ ಫೋನು ತೆಗೆದ. ಗಂಗಲಕ್ಷ್ಮಮ್ಮ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದಳು.

“ಏನ್ಲಾ ಲಕ್ಷ್ಮೀಕಾಂತ.”

ಆ ಕಡೆಯಿಂದ, “ಹೇಳಿ ಭಾವ” ಅಂತ ಹೆದರಿದ ದನಿ ಬಂತು.

“ಕಾಯಿ ಸಾಲ್ಲಿಲ್ಲ ಕಣೋ. ಹದಿನಾರು ಎಲೆ ಬಿದ್ವು. ನನಗೂ ನಿಮ್ಮಕ್ಕಂಗೂ ಬರೀ ತಿಳಿ ಉಳೀತು.”

“ಅಯ್ಯೋ, ಭಾವ...” ಅಂದ ಲಕ್ಷ್ಮೀಕಾಂತ.

“ಬರೋ ವರ್ಷ ಪೂರ್ತಿ ಚೀಲ ಹಾಕು. ಎರಡು ದಿನ ಮುಂಚೆ ಹಾಕು. ಇಲ್ಲ, ಬೇಡ” ಅಂದ ಪುಟ್ಟರಂಗಯ್ಯ. “ನೀನೇ ಚೀಲ ಹೊತ್ಕೊಂಡು ಬಾ. ಹಿತುಕೋಕೆ ಒಬ್ಬ ಕಮ್ಮಿ ಬಿದ್ದವ್ನೆ.”

ಫೋನು ಇಟ್ಟ. ಅದರ ಮೇಲೂ ಹಸಿರು ಹೆಬ್ಬೆರಳು ಮೂಡಿತ್ತು. ಗಂಗಲಕ್ಷ್ಮಮ್ಮ ಮತ್ತೆ ಪಾತ್ರೆ ತಿಕ್ಕಲು ಶುರುಮಾಡಿದಳು. ತಪ್ಪಾಯ್ತು ಅನ್ನುವ ಮಾತು ಅವನ ಬಾಯಲ್ಲಿ ಈ ಜನ್ಮಕ್ಕೆ ಬರುವುದಿಲ್ಲ ಅಂತ ಅವಳಿಗೆ ಮದುವೆಯಾದ ವರ್ಷವೇ ಗೊತ್ತಾಗಿತ್ತು. ಇವತ್ತು ಅದರ ಹತ್ತಿರಕ್ಕೆ ಬಂದಿದ್ದ. ತನಗೆ ಅಂತ ಪಾತ್ರೆಯ ತಳದಲ್ಲಿ ಮುಚ್ಚಿಟ್ಟಿದ್ದ ಎರಡು ಸೌಟು ಗಟ್ಟಿ ಸಾರನ್ನು ತೆಗೆದು, ಅವನ ತಟ್ಟೆಗೇ ಬಡಿಸಿದಳು.