ಮೂರು ಮೋಟರು, ಒಂದು ಟೀಸಿ

ಕೂಟಗಲ್ಲಿನಾಚೆಯ ಆ ಮೂರು ಹಿಪ್ಪುನೇರಳೆ ತೋಟಗಳಿಗೂ ಇದ್ದದ್ದು ಒಂದೇ ಟ್ರಾನ್ಸ್‌ಫಾರ್ಮರು; ಊರವರ ಬಾಯಲ್ಲಿ ಟೀಸಿ. ಒಮ್ಮೆಗೆ ಎರಡೇ ಮೋಟರು ಹೊರುವ ಬಡಪಾಯಿ. ಸರದಿಯ ಮೇಲೆ ಇಬ್ಬಿಬ್ಬರೇ, ಕೈಯಿಂದಲೇ ಮೋಟರು ಹಾಕಬೇಕು, ಕರೆಂಟು ಬಂದೊಡನೆ ತಾನಾಗಿ ಓಡಿಸುವ ಆಟೋ ಸ್ಟಾರ್ಟರ್ ಯಾರೂ ಇಡಕೂಡದು ಎಂದು ಕಟ್ಟಳೆ ಮಾಡಿದವನು ಅದರಲ್ಲೊಂದು ತೋಟದೊಡೆಯ, ಬಿ.ಎ. ಓದಿದ ನಟರಾಜುವೇ. ಕಾಲೇಜಿನ ಮೇಷ್ಟ್ರ ಮೂಗುದನಿ ತೆಗೆದು, "ಇದಕ್ಕೆ ಗೇಮ್ ಥಿಯರಿ ಎನ್ನುವರು ಮಕ್ಕಳೇ! ಒಬ್ಬ ಮೋಸ ಮಾಡಿದರೆ ಅವನಿಗೆ ನೀರು, ಎಲ್ಲರೂ ಮಾಡಿದರೆ ಎಲ್ಲರಿಗೂ ಕತ್ತಲೆ" ಎಂದು ಉಳಿದೆರಡು ತೋಟಗಳ ಸಿದ್ದಯ್ಯನನ್ನೂ ಕಾವೇರಮ್ಮನನ್ನೂ ನಗಿಸಿ ನಗಿಸಿಯೇ ಒಪ್ಪಿಸಿದ್ದ.

ಆಮೇಲೆ ಒಬ್ಬನೇ ಕೂತು ಯೋಚಿಸಿದ. ಕುರಿ ಹಿಂದೆ ಅಲೆಯುವ ಸಿದ್ದಯ್ಯನಿಗೆ ಮೋಟರು ಹಾಕಲು ಪುರುಸೊತ್ತೆಲ್ಲಿ? ಕದ್ದು ಆಟೋ ಇಟ್ಟೇ ಇಡುತ್ತಾನೆ. ಕಾವೇರಮ್ಮನೇನು ಕಡಿಮೆಯೇ? ನಾನೊಬ್ಬ ಯಾಕೆ ದಡ್ಡನಾಗಲಿ? ಮರುದಿನವೇ ತಾನೂ ಇಟ್ಟ.

ತಿಂಗಳೊಳಗೆ, ಮೂರು ಮೋಟರು ಒಟ್ಟಿಗೆ ಓಡಿ, ಟೀಸಿ ಢಂ ಎಂದು ಸುಟ್ಟಿತು. ಕಾವೇರಮ್ಮನ ಮನೆಯಲ್ಲಿ ರೇಷ್ಮೆಹುಳ ಹಣ್ಣಾಗುವ ಮುಂಚೆ ಸೊಪ್ಪು ಮುಕ್ಕುವ ಹೊತ್ತು. ನೀರಿಲ್ಲದೆ ಅವಳ ತೋಟದಲ್ಲಿ ಸೊಪ್ಪು ಬಾಡತೊಡಗಿತು.

"ಯಾರೋ ಆಟೋ ಮಡ್ಗವ್ರೆ," ಎಂದ ಟೀಸಿ ನೋಡಲು ಬಂದ ಲೈನ್‌ಮ್ಯಾನ್ ಗಫಾರ್, ನೆರೆದ ಮೂವರಿಗೂ.

ನಟರಾಜು ತಟ್ಟನೆ ಸಿದ್ದಯ್ಯನ ದನಿ ಅಣಕಿಸಿ ರಾಗ ಎಳೆದ: "ಕುರಿ ಕಾಯ್ಲೋ, ಮೋಟ್ರು ಕಾಯ್ಲೋ ಕಣ್ಲಾ?"

ಕಾವೇರಮ್ಮ ಕಿಸಕ್ಕನೆ ನಕ್ಕಳು. ಸಿದ್ದಯ್ಯ ನಗಲಿಲ್ಲ. ತನ್ನ ಸ್ಟಾರ್ಟರ್ ಪೆಟ್ಟಿಗೆ ತೆರೆದು ತೋರಿಸಿದ. ಆಟೋ ಇರಲಿಲ್ಲ. ಕಾವೇರಮ್ಮನ ಪೆಟ್ಟಿಗೆಯಲ್ಲೂ ಇರಲಿಲ್ಲ.

ಗಫಾರ್ ಮೂರನೆಯದರತ್ತ ತಿರುಗಿದ.

"ಅವನ್ದೇನ್ ನೋಡೀಯ ಗಫಾರಣ್ಣ?" ಎಂದಳು ಕಾವೇರಮ್ಮ. "ರೂಲ್ಸು ಮಾಡ್ದೋನೇ ಅವ್ನು. ಟೀಸಿನೇ ಹಳೇದು, ಬುಡು."

ಗಫಾರ್ ಚೀಲ ಹೆಗಲಿಗೇರಿಸಿದ. ನಟರಾಜುವಿನ ಕಿವಿ ಕಾದವು.

"ನಂದೂ ನೋಡ್ಬುಡಿ," ಎಂದು ತಾನೇ ಬೀಗ ತೆಗೆದ.

ಸಿದ್ದಯ್ಯ ಇಣುಕಿ ಒಳಗಿದ್ದ ಆಟೋ ನೋಡಿ, ಮೆಲ್ಲಗೆ ಕೇಳಿದ: "ನಾವೂ ಮಡ್ಗಿರ್ತೀವಿ ಅನ್ಕಂಡಿದ್ದೇನ್ಲಾ?"

ನಟರಾಜು ನೆಲ ನೋಡುತ್ತ ತಲೆಯಾಡಿಸಿದ. ಅವನ ಬೆನ್ನ ಹಿಂದೆ, ಸರದಿಯಿಲ್ಲದ ನೀರು ಕುಡಿದ ಅವನ ತೋಟವೊಂದೇ ಹಚ್ಚಗೆ ತೂಗುತ್ತಿತ್ತು.

"ಸೊಪ್ಪು ನನ್ ತೋಟ್ದಲ್ಲೇ ಕುಯ್ಕೊ, ಕಾವೇರಕ್ಕ. ಎಷ್ಟ್ ಬೇಕೋ ಅಷ್ಟು."

ಅವಳು ಆ ಹಸಿರನ್ನು ಒಂದು ಗಳಿಗೆ ನೋಡಿದಳು. "ಹುಳ ಹಸ್ಕಂಡವೆ," ಎಂದಷ್ಟೇ ಅಂದು ಕುಡುಗೋಲು ತೆಗೆದಳು.

ಹೊರೆ ಕಟ್ಟಿಯಾದ ಮೇಲೆ ನಟರಾಜು ಎತ್ತಿಕೊಡಲು ಓಡಿದ. ಅವಳು ಅವನತ್ತ ತಿರುಗಲೂ ಇಲ್ಲ.

"ಸಿದ್ದಣ್ಣ, ಒಸಿ ಬಾ, ಹೊರೆ ಎತ್ಬೇಕು," ಎಂದು ಕೂಗಿದಳು.