ಮದುವೆಯ ಕಾಲಂ

ಬುದ್ಧಪ್ರಿಯನಿಗೆ ಬೇಕಿದ್ದದ್ದು ಒಂದೇ ಕಾಗದ. ಸೋಮವಾರ ಭೀಮರಾಯನಗುಡಿಯಲ್ಲಿ ಗುಮಾಸ್ತರ ಹುದ್ದೆಗೆ ದಾಖಲೆ ಪರಿಶೀಲನೆ. ಬಿ.ಎ. ಪಾಸಾದ ಪ್ರಮಾಣಪತ್ರ ಅಲ್ಲಿ ತೋರಿಸದಿದ್ದರೆ ಹುದ್ದೆ ಕೈಬಿಟ್ಟು ಹೋಗುತ್ತದೆ. ಅದನ್ನು ಕೊಡಬೇಕಾದದ್ದು ಯಾದಗಿರಿಯಲ್ಲಿರುವ ವಿಶ್ವವಿದ್ಯಾಲಯದ ಪ್ರಾದೇಶಿಕ ಕಚೇರಿ. ಅಲ್ಲಿ ಫ್ಯಾನು ತಿರುಗುತ್ತದೆ, ಚಹಾದ ಕಪ್ಪು ತಿರುಗುತ್ತದೆ, ಸುರಪುರ ಶಹಾಪುರದಿಂದ ಬಂದವರೆಲ್ಲ ತಿರುಗುತ್ತಾರೆ. ಕಡತ ಮಾತ್ರ ಕೂತಲ್ಲೇ ಕೂತಿರುತ್ತದೆ.

ಕಚೇರಿಯ ಸೂಪರಿಂಟೆಂಡೆಂಟ್ ರೇವಣಸಿದ್ದ ಅವನ ಕಾಗದಗಳಲ್ಲಿ ಒಂದು ಅಪರಾಧ ಪತ್ತೆ ಹಚ್ಚಿದ್ದ. ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿ ಮರಿಲಿಂಗ, ಡಿಗ್ರಿಯಲ್ಲಿ ಬುದ್ಧಪ್ರಿಯ. ಕಳ್ಳನನ್ನು ಹಿಡಿದ ಫೌಜದಾರನ ಹಾಗೆ ಅವನು ಕುರ್ಚಿಗೆ ಒರಗಿ ಕೂತಿದ್ದ.

ಅದರಲ್ಲಿ ಮುಚ್ಚಿಡುವಂಥದ್ದು ಏನೂ ಇರಲಿಲ್ಲ. ಬುದ್ಧಪ್ರಿಯನ ಅಜ್ಜಿ ಹರಕೆ ಹೊತ್ತು ಮೊಮ್ಮಗನಿಗೆ ತನ್ನ ಊರಿನ ದೇವರ ಹೆಸರಿಟ್ಟಿದ್ದಳು. ಆ ದೇವರ ಗುಡಿಯ ಮೆಟ್ಟಿಲು ಹತ್ತಲು ಇವರ ಓಣಿಯವರಿಗೆ ಅಪ್ಪಣೆ ಇರಲಿಲ್ಲ. ದೇವರ ಹೆಸರು ಇಟ್ಟುಕೊಳ್ಳಬಹುದು, ಒಳಗೆ ಕಾಲಿಡಬಾರದು. ಪಿಯುಸಿ ಮುಗಿದ ವರ್ಷ ಇಡೀ ಓಣಿ ಶಹಾಪುರಕ್ಕೆ ಹೋಗಿ ಬೌದ್ಧ ದೀಕ್ಷೆ ತೆಗೆದುಕೊಂಡಾಗ ಅವನು ಆ ಹೆಸರನ್ನು ಮೆಟ್ಟಿಲ ಹೊರಗೇ ಬಿಟ್ಟು ಬಂದ. ಡಿಗ್ರಿ ಕಾಲೇಜಿನ ಪ್ರಿನ್ಸಿಪಾಲರು ಖುಷಿಯಿಂದ ಹೊಸ ಹೆಸರು ಬರೆದುಕೊಂಡರು. ವಿಶ್ವವಿದ್ಯಾಲಯ ಅದೇ ಹೆಸರಿನಲ್ಲಿ ಫೀಸು ತಿಂದಿತು, ಹಾಲ್ ಟಿಕೆಟ್ ಕೊಟ್ಟಿತು, ಪರೀಕ್ಷೆ ಬರೆಸಿತು. ತಿನ್ನುವಾಗ ಕಾಣದ ತಪ್ಪು ಕೊಡುವಾಗ ಕಂಡಿತು.

ಹೆಸರು ಬದಲಾವಣೆಯ ಅರ್ಜಿಯನ್ನು ರೇವಣಸಿದ್ದ ಅವನ ಮುಂದೆ ತಳ್ಳಿದ. ಕಾರಣದ ಕಾಲಮ್ಮಿನಲ್ಲಿ ಒಂದೇ ಕಾರಣ ಅಚ್ಚಾಗಿತ್ತು.

"ಮದುವಿ ಅಂತ ಅದ ನೋಡಪಾ. ನೀ ಯಾರ ಮನಿಗೆ ಸೊಸಿ ಆಗಿ ಹೋಗೀದಿ?"

ಕಚೇರಿಯೆಲ್ಲ ನಕ್ಕಿತು.

"ಬಾಬಾಸಾಹೇಬರ ಮನಿಗ್ರಿ," ಅಂದ ಬುದ್ಧಪ್ರಿಯ. "ನಾ ಒಬ್ಬಾಂವಲ್ಲ, ಇಡೀ ಓಣಿನೇ ಹೋಗ್ಯಾದ."

ನಗು ಅಲ್ಲಿಗೇ ನಿಂತಿತು. ರೇವಣಸಿದ್ದ ಕಪ್ಪು ಕೆಳಗಿಟ್ಟು ದನಿಗೆ ಬೆಲ್ಲ ಸವರಿದ. ಕಾಲೇಜಿನವರು ತಪ್ಪು ಹೆಸರು ಬರೆದಿದ್ದಾರೆಂದು ಒಂದು ಅಫಿಡವಿಟ್ ಮಾಡಿಸಿಕೊಂಡು ಬಂದರೆ ಸಂಜೆಗೆ ಮರಿಲಿಂಗನ ಹೆಸರಿನಲ್ಲಿ ಪ್ರಮಾಣಪತ್ರ ಕೈಗಿಡುವುದಾಗಿ ಹೇಳಿದ. ಎಷ್ಟು ಚಂದದ ಹೆಸರು, ದೇವರ ಹೆಸರು, ಅದಕ್ಕೇನಾಗಿದೆ ಎಂದೂ ಕೇಳಿದ. ಅದಕ್ಕೇನಾಗಿದೆ ಎಂಬುದು ಅವನಂಥವರಿಗೆ ಎಂದೂ ಗೊತ್ತಾಗುವುದಿಲ್ಲ. ಅವರು ಮೆಟ್ಟಿಲ ಮೇಲೆಯೇ ಹುಟ್ಟಿರುತ್ತಾರೆ.

ಬುದ್ಧಪ್ರಿಯ ಹೊರಗೆ ಬಂದು ರಂಗಂಪೇಟೆಯಲ್ಲಿದ್ದ ತಾಯಿಗೆ ಫೋನು ಹಚ್ಚಿದ. ಸುಂದ್ರಮ್ಮ ಯಾರದೋ ಹತ್ತಿ ಹೊಲದಲ್ಲಿ ಕಳೆ ತೆಗೆಯುತ್ತಿದ್ದಳು. ಹಳೆಯ ಹೆಸರಿಗೆ ಒಪ್ಪಿದರೆ ಕೆಲಸವಾಗುತ್ತದೆಂದು ಹೇಳಿ, ಏನು ಮಾಡಲಿ ಎಂದು ಕೇಳಿದ. ಒಪ್ಪಿಕೋ ಎಂದುಬಿಟ್ಟರೆ ಸಾಕು ಎಂಬ ಆಸೆ ಅವನೊಳಗೆ ಎಲ್ಲೋ ಇತ್ತು. ಅವಳು ಕಿತ್ತ ಕಳೆಯನ್ನು ಬದುವಿಗೆ ಎಸೆದಳು.

"ಮರಿಲಿಂಗನ್ನ ನಾ ಹಡದೀನಿ. ಬುದ್ಧಪ್ರಿಯ ತಾನಾ ಹುಟ್ಯಾನ. ಯಾರನ್ನ ಸಾಯಿಸ್ಲಿ ಅಂತ ನನ್ನ ಕೇಳಬ್ಯಾಡ ಯಪ್ಪಾ."

ಅವನು ಒಳಗೆ ಹೋಗಿ ಅಫಿಡವಿಟ್ ಕೊಡುವುದಿಲ್ಲ ಎಂದ. ಹಾಗಾದರೆ ಮುಖ್ಯ ಕಚೇರಿಗೆ ಬರೆದು ಕೇಳಬೇಕು, ಉತ್ತರ ಯಾವಾಗ ಬರುತ್ತದೋ ಹೇಳಲಾಗದು ಎಂದು ರೇವಣಸಿದ್ದ ಮೊಬೈಲು ಕಿವಿಗಿಟ್ಟುಕೊಂಡು ಎದ್ದುಹೋದ.

ಮೂಲೆಯಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದ ಗುರುದೇವಿ ಎಂಬ ಗುಮಾಸ್ತೆ ಅವನನ್ನು ಕೈಸನ್ನೆಯಿಂದ ಕರೆದಳು. ಬೆಳಗಿನಿಂದ ಅವಳು ತಲೆ ಎತ್ತಿರಲಿಲ್ಲ, ನಕ್ಕಿರಲೂ ಇಲ್ಲ.

"ನಾ ಹುಟ್ಟಿದಾಗ ದೇವಕ್ಕ ಇದ್ದೆ ತಮ್ಮಾ. ಲಗ್ನದಾಗ ನಮ್ಮತ್ತಿಯವರು ತಾಟಿನ್ಯಾಗ ಅಕ್ಕಿ ಹರವಿ ಗುರುದೇವಿ ಅಂತ ಬರಸಿದ್ರು. ನನ್ನ ಒಂದು ಮಾತು ಕೇಳಲಿಲ್ಲ. ಈ ಆಫೀಸೂ ಕೇಳಲಿಲ್ಲ, ಮಾರನೇ ವಾರ ತಿದ್ದಿಬಿಡ್ತು." ದನಿ ಇನ್ನೂ ಇಳಿಸಿದಳು. "ಮದುವಿ ಅಂತ ಒತ್ತಲೇನು? ಸಾಹೇಬ್ರು ಸಹಿ ಹಾಕತಾರ, ಓದಂಗಿಲ್ಲ."

ಬುದ್ಧಪ್ರಿಯ ಹೂಂ ಅಂದ. ಅವಳು ಒತ್ತಿದಳು. ರೇವಣಸಿದ್ದ ಫೋನಿನಲ್ಲಿ ಯಾರದೋ ಮಗಳಿಗೆ ವರ ಹುಡುಕುತ್ತಲೇ ಹೆಸರು ಬದಲಾವಣೆಯ ಆದೇಶಕ್ಕೂ ಪ್ರಮಾಣಪತ್ರಕ್ಕೂ ಸಹಿ ಹಾಕಿದ.

ಬಸ್ಸಿನಲ್ಲಿ ಕೂತು ಬುದ್ಧಪ್ರಿಯ ಪ್ರಮಾಣಪತ್ರ ಬಿಚ್ಚಿ ನೋಡಿದ. ಹೆಸರು ಸರಿಯಾಗಿತ್ತು. ಅದರ ಮೊದಲಿಗೆ ಕಂಪ್ಯೂಟರು ತಾನೇ ಒಂದು ಗೌರವ ಸೇರಿಸಿತ್ತು: ಶ್ರೀಮತಿ ಬುದ್ಧಪ್ರಿಯ. ಹೆಸರು ಬದಲಿಸುವವರು ಹೆಂಗಸರು ಮಾತ್ರ ಎಂದು ಅದಕ್ಕೂ ಕಲಿಸಿಟ್ಟಿದ್ದರು. ತಿದ್ದಿಸಲು ವೇಳೆ ಇರಲಿಲ್ಲ.

ಸೋಮವಾರ ಭೀಮರಾಯನಗುಡಿಯಲ್ಲಿ ಪರಿಶೀಲನೆಗೆ ಕೂತ ಅಧಿಕಾರಿ ಪ್ರಮಾಣಪತ್ರ ನೋಡಿದ, ಎದುರಿಗಿದ್ದ ಮೀಸೆ ನೋಡಿದ, ಮತ್ತೆ ಪ್ರಮಾಣಪತ್ರ ನೋಡಿದ. ಪಕ್ಕದವನ ಜೊತೆ ಪಿಸುಗುಟ್ಟಿದ. ಅವರ ತಪಾಸಣಾ ಪಟ್ಟಿಯಲ್ಲಿ ಹೆಸರು, ನೋಂದಣಿ ಸಂಖ್ಯೆ, ದರ್ಜೆ, ಮುದ್ರೆ ಇದ್ದವು. ಮುಂದೆ ನಿಂತವನು ಗಂಡೋ ಹೆಣ್ಣೋ ಎಂದು ಕೇಳುವ ಸಾಲು ಇರಲಿಲ್ಲ. ಹಳೆಯ ಹೆಸರು ಹೊಸ ಹೆಸರಾದದ್ದಕ್ಕೂ ವಿಶ್ವವಿದ್ಯಾಲಯದ ಆದೇಶ ಲಗತ್ತಾಗಿತ್ತು.

"ಕಾಗದ ಎಲ್ಲಾ ಸರಿ ಅದಾವ," ಅಂದ ಅಧಿಕಾರಿ ಬೇಸರದಿಂದ. "ನೀವಾ ಒಬ್ರು ಅವಕ್ಕ ಹೊಂದವಲ್ರಿ."

ಆದರೂ ಮುದ್ರೆ ಒತ್ತಿದ. ಕಾಗದ ಸರಿ ಇದ್ದ ಮೇಲೆ ಮನುಷ್ಯನಿಗಾಗಿ ತಲೆ ಕೆಡಿಸಿಕೊಳ್ಳುವುದು ಅವನ ಕೆಲಸವಾಗಿರಲಿಲ್ಲ.

ಕೊನೆಯ ಸಹಿಗೆ ಒಳಗೆ ಕರೆಯುವಾಗ ಜವಾನ ಪಟ್ಟಿ ನೋಡಿ, ಶ್ರೀಮತಿ ಬುದ್ಧಪ್ರಿಯ ಮೇಡಂ ಬರಬೇಕೆಂದು ಕೂಗಿದ. ಬೆಂಚಿನ ಮೇಲಿದ್ದ ಹೆಣ್ಣುಮಕ್ಕಳು ಒಬ್ಬರನ್ನೊಬ್ಬರು ನೋಡಿಕೊಂಡರು. ಬುದ್ಧಪ್ರಿಯ ಎದ್ದು ನಿಂತ. ಹೆಸರು ಅವನದೇ ಆಗಿತ್ತು; ಉಳಿದದ್ದೆಲ್ಲ ಕಚೇರಿಯವರದ್ದು.